ಮಂಗಳ ಹಾಡದ ನಾಟಕ

ಆಗೆಲ್ಲ ಮೇ ತಿಂಗಳ ರಜೆ ಅಂದರೆ ಮಕ್ಕಳ ಪಾಲಿಗೆ ಮಾವನ ಊರು. ನನ್ನ ಗೆಳತಿಯರು ಬೇಡಗಕ್ಕೋ ಖಂಡೇರಾಜುರಿಗೋ ಹೋಗಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಬಾಯಿ ಹುಣ್ಣು ಮಾಡಿಕೊಂಡು ಬರುತ್ತಿದ್ದರು. ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನಾನು ಮಾತ್ರ ಒಂದು ಸಂಗೀತ ನಾಟಕದ ಬೆನ್ನು ಹತ್ತಿ ತಿರುಗಿದೆ. ಆ ನಾಟಕ ನೋಡಿದ್ದೆನೇ ಅಂದರೆ ಅದೂ ಇಲ್ಲ. ಅದರ ಪರದೆ ಬಿದ್ದು ಒಂದು ತಲೆಮಾರೇ ಆಗಿತ್ತು.

ನಾಟಕದ ಹುಚ್ಚು ಅವ್ವನದು. ಸಾಂಗ್ಲಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅವಳು, ಸಂಸಾರದ ರಾಮಾಯಣ ಸಾಲದೆಂದು ಪಿಎಚ್‌ಡಿಯನ್ನೂ ತಲೆಗೆ ಕಟ್ಟಿಕೊಂಡಿದ್ದಳು. ವಿಷಯ 'ಸಂಗೀತ ವಸಂತಕಂಕಣ'. ಅದನ್ನು ಆಡುತ್ತಿದ್ದ ಕಂಪನಿ ಸಾಂಗ್ಲಿ, ಮಿರಜದಲ್ಲಿ ಮರಾಠಿ ಪದ ಹಾಡಿ, ಅಥಣಿ ದಾಟಿದ ಮೇಲೆ ಅದೇ ಮಟ್ಟುಗಳಿಗೆ ಕನ್ನಡ ಪದ ಹಾಡುತ್ತಿತ್ತಂತೆ. ನಾಟಕ ಹುಟ್ಟಿದ್ದು ಹೇಗೆ, ಎಲ್ಲೆಲ್ಲಿ ಆಡಿದರು, ಮಟ್ಟುಗಳು ಯಾವ ಕಡೆಯಿಂದ ಯಾವ ಕಡೆಗೆ ಹೋದವು, ಇದನ್ನೆಲ್ಲ ಅವ್ವ ಹುಡುಕಬೇಕಿತ್ತು. ಧಾರವಾಡದ ಅವಳ ಗೈಡ್ ಸಾಹೇಬರು ಖಡಾಖಂಡಿತ ಹೇಳಿಬಿಟ್ಟಿದ್ದರು: "ಪದ ಪುಸ್ತಕದಾಗ ಸಿಗತಾವರಿ. ಮಟ್ಟು ತರ್ರಿ. ಮಟ್ಟ ಇಲ್ಲಂದ್ರ ಸಂಗೀತ ನಾಟಕದ ಮ್ಯಾಲ ಏನ ಬರೀತೀರಿ?"

ಮಟ್ಟು ಬಲ್ಲವರು ಒಬ್ಬರೇ ಉಳಿದಿದ್ದರು. ಮಿರಜದಲ್ಲಿ ತಂಬೂರಿ ಮಾಡುವವರ ಓಣಿಯಲ್ಲಿದ್ದ ಗೋದಾಬಾಯಿ. ಕಂಪನಿಯ ಕೊನೆಯ ದಿನಗಳಲ್ಲಿ ಅವರೇ ನಾಯಕಿಯ ಪಾತ್ರ ಮಾಡುತ್ತಿದ್ದರು. ಓಣಿಗೆಲ್ಲ ಅವರು ಆಯಿ. ಎರಡು ಕೋಣೆಯ ಮನೆ, ಒಬ್ಬ ಮಗ, ಸೊಸೆ ಶಾಂತಕ್ಕ. ಓಣಿಗೆ ಕಾಲಿಟ್ಟರೆ ಅರಗಿನ ಪಾಲಿಶ್ ವಾಸನೆ ಮೂಗಿಗೆ ಅಡರುತ್ತಿತ್ತು. ತಂಬೂರಿಗೆಂದು ಒಣಗಿಸಿದ ದೊಡ್ಡ ದೊಡ್ಡ ಕುಂಬಳಬುರುಡೆಗಳ ಹಿಂದೆ ನಾವು ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು.

ಮೊದಲ ದಿನ ಅವ್ವ ಟೇಪ್ ರೆಕಾರ್ಡರ್ ಇಟ್ಟು, "ಆಯಿ, ಮೊದಲ ನಾಂದಿ ಹಾಡ್ರಿ" ಅಂದಳು. ನಾಟಕ ಶುರುವಾಗುವ ಮುಂಚಿನ ಸ್ತುತಿ ಅದು. ಅವ್ವನ ಪ್ರಬಂಧದ ಮೊದಲ ಅಧ್ಯಾಯವೂ ಅದೇ.

ಆಯಿ ಅವ್ವನ ಮುಖವನ್ನೇ ನೋಡಿದರು. "ನೋಡ ಬಾಯಿ, ನಾಂದಿ ಹಾಡಿದ್ರ ನಾಟಕ ಸುರು ಆದಂಗ. ಕಡೀಗೆ ಮಂಗಳ ಹಾಡೂತನಕ ನಡುವ ಬಿಟ್ಟ ಏಳಂಗಿಲ್ಲ. ನಮ್ಮ ಕಂಪನಿ ರೀತಿ ಅದು. ತಾಲೀಮಿನ್ಯಾಗೂ ಹಂಗ ಇತ್ತು. ಕುಂದ್ರತೀಯೇನು ಕಡೀತನಕ?"

"ಕುಂದ್ರತೀನ್ರಿ," ಎಂದಳು ಅವ್ವ, ಗುಂಡಿ ಒತ್ತುವ ಅವಸರದಲ್ಲಿ.

ಅಲ್ಲೇ ಅವಳು ಸಿಕ್ಕಿಬಿದ್ದದ್ದು. ಪದಗಳನ್ನಷ್ಟೇ ಆರಿಸಿ ಹಾಡಿಸಿಕೊಂಡು ಬಂದುಬಿಡೋಣ ಎಂಬುದು ಅವಳ ಲೆಕ್ಕ. ಆಯಿಯದು ಇಡೀ ನಾಟಕ. ರಾಜನ ಮಾತು, ಖಳನ ನಗು, ಜಗಲಿಯ ಈ ತುದಿಯಿಂದ ಪ್ರವೇಶ, ಆ ತುದಿಯಿಂದ ನಿಷ್ಕ್ರಮಣ. ನಡುನಡುವೆ ಜಮಖಂಡಿಯಲ್ಲಿ ಪೆಟ್ರೋಮ್ಯಾಕ್ಸ್ ಆರಿಹೋದದ್ದು, ರಾಜನ ಮೀಸೆ ಬೆವರಿಗೆ ಕಳಚಿ ನಾಯಕಿಯ ಕೆನ್ನೆಗೆ ಅಂಟಿದ್ದು. ಒಂದು ಪದಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಆದರೆ, ಸುಳ್ಳು ಹೇಳಬಾರದು, ಪದ ಬಂದಾಗ ಒಡೆದ ಆ ದನಿಯಲ್ಲೂ ಎಳೆಯ ಹುಡುಗಿಯೊಬ್ಬಳು ಎದ್ದು ನಿಲ್ಲುತ್ತಿದ್ದಳು. ನನಗೆ ದಾಸಿಯ ಪಾತ್ರ. ಆಯಿ "ಮಾಲಿನೀ" ಎಂದು ಕರೆದಾಗ ನಾನು "ಅಪ್ಪಣೆ, ದೇವಿ" ಅನ್ನಬೇಕು. ಪಗಾರವಾಗಿ ಒಂದು ಬೊಗಸೆ ಭಡಂಗ, ಬೆಳ್ಳುಳ್ಳಿ ಖಾರ ಹಚ್ಚಿದ ಚುರುಮುರಿ. ದಿನಾ ಹೊಟ್ಟೆ ತುಂಬ ತಿಂದು ಅಲ್ಲೇ ತಂಪು ಫರಸಿಕಲ್ಲಿನ ನೆಲದ ಮೇಲೆ ಮಲಗಿಬಿಡುತ್ತಿದ್ದೆ.

ಅವ್ವನಿಗೆ ಮಲಗುವ ಭಾಗ್ಯ ಎಲ್ಲಿಂದ ಬರಬೇಕು? ಬಿಸಿಲಲ್ಲಿ ಬಸ್ಸಿಗೆ ಕಾದು, ನಿಂತುಕೊಂಡೇ ಸಾಂಗ್ಲಿಗೆ ಬಂದು, ಕುಪವಾಡದ ಕಾರಖಾನೆಯಿಂದ ಪಾಳಿ ಮುಗಿಸಿ ಬರುವ ಅಪ್ಪನಿಗೆ ಭಕ್ಕರಿ ಬಡಿಯಬೇಕು. ಆಮೇಲೆ ಟೇಪು ಹಿಂದೆ ಮುಂದೆ ಓಡಿಸುತ್ತ ಬರೆಯಬೇಕು. ಅವಳ ಪಾದಗಳು ಬಾತಿರುತ್ತಿದ್ದವು. ಅಪ್ಪ ಕೆಟ್ಟವನಲ್ಲ, ಅವನಿಗೂ ಸಾಕಾಗಿರುತ್ತಿತ್ತು.

"ನಿನ್ನ ನಾಟಕಕ್ಕ ಪರದೆ ಬೀಳೂದು ಯಾವಾಗ?" ಎಂದು ಕೇಳಿದ ಒಂದು ಸಲ.

"ನನಗರೆ ಏನ ಗೊತ್ತು? ಆಯಿನ್ನ ಕೇಳ," ಅಂದಳು ಅವ್ವ, ತವೆಯಿಂದ ಕಣ್ಣು ಎತ್ತದೆ.

ಮಳೆ ಹಿಡಿಯುವ ಹೊತ್ತಿಗೆ ಕೊನೆಯ ಅಂಕವೂ ಮುಗಿದು ಮಂಗಳವೊಂದು ಉಳಿಯಿತು. ನಾಟಕ ಮುಗಿದಾಗ ಪಾತ್ರಧಾರಿಗಳೆಲ್ಲ ನಿಂತು ಹಾಡುವ ಪುಟ್ಟ ಪದ. ಅವ್ವನ ಪ್ರಬಂಧದ ಕೊನೆಯ ಪುಟಗಳು ಅದಕ್ಕಾಗಿಯೇ ಖಾಲಿ ಕೂತಿದ್ದವು. ಪ್ರಬಂಧ ಒಪ್ಪಿಸಲು ಮುದ್ದತು ಒಮ್ಮೆ ಹೆಚ್ಚಿಸಿಕೊಂಡಾಗಿತ್ತು, ಮತ್ತೆ ಕೊಡುವವರಿಲ್ಲ. ಆಯಿಗೆ ಒಂದು ದಿನ ನೆಗಡಿ. ಇನ್ನೊಂದು ದಿನ ಅಮಾವಾಸ್ಯೆ. ಮತ್ತೊಂದು ದಿನ, "ಮೂರನೇ ಅಂಕದ ಪದ ಅವತ್ತ ಸುರಳೀತ ಬರಲಿಲ್ಲ ಬಾಯಿ, ಅದನ್ನ ಇನ್ನೊಮ್ಮಿ ಹೇಳತೀನಿ" ಎಂದು ಹಿಂದಕ್ಕೆ ಹೊರಟರು.

ಅವ್ವನ ತಾಳ್ಮೆ ಹರಿಯಿತು. ನೀರು ಕುಡಿಯುವ ನೆವದಲ್ಲಿ ಅಡಿಗೆಮನೆಗೆ ಹೋದಳು. ನಾನೂ ಸೆರಗು ಹಿಡಿದು ಹೋದೆ.

"ಶಾಂತಕ್ಕಾ, ಆಯಿಗೆ ಮಂಗಳ ಮರತಹೋಗೇತೇನ್ರಿ? ಖರೇ ಹೇಳ್ರಿ. ನನಗ ದಿನಾ ಉಳದಿಲ್ಲ."

ಶಾಂತಕ್ಕ ಒಲೆಯ ಉರಿ ಸಣ್ಣ ಮಾಡಿದರು. "ಮರಿಯೂದ ಎಲ್ಲೀದ್ರಿ? ಎಲ್ಲಾ ನೆನಪ ಐತಿ. ಮಧ್ಯಾಹ್ನ ಆತಂದ್ರ ಒಳ್ಳೆ ಸೀರಿ ಉಟ್ಕೊಂಡು ಬಾಗಲಾ ನೋಡ್ಕೋತ ಕುಂದ್ರತಾರ. ನೀವು ಬರೂ ದಿನ ಎರಡ ತುತ್ತು ಜಾಸ್ತಿ ಉಣತಾರ. ನಾಟಕ ಮುಗದ ಮ್ಯಾಲ ನೀವ್ಯಾಕ ಬರ್ತೀರಿ, ನೀವ ಹೇಳ್ರಿ."

ಅವ್ವ ಚರಿಗೆಯ ನೀರು ಕುಡಿಯದೆ ಹಾಗೇ ಕೆಳಗಿಟ್ಟಳು. ಹೊರಗೆ ಬಂದಳು. ಈಗ ಜಗಳವೇ ಆಗುತ್ತದೆ ಎಂದುಕೊಂಡೆ ನಾನು. ಅವಳು ಟೇಪ್ ರೆಕಾರ್ಡರಿನ ವೈರು ಸುತ್ತಿ ಚೀಲಕ್ಕೆ ಹಾಕಿದಳು.

"ಇವತ್ತಿಗೆ ಸಾಕ್ರಿ ಆಯಿ. ನನಗೂ ದಣಿವ ಆಗೇತಿ. ಶನಿವಾರ ಬರ್ತೀನಿ. ಮೂರನೇ ಅಂಕದ ಪದ ಸಾವಕಾಶ ಹೇಳ್ರಿ."

"ಮಂಗಳ?" ಎಂದು ಆಯಿಯೇ ಕೇಳಿದರು, ಹೆದರಿದ ದನಿಯಲ್ಲಿ.

"ಅದಕ್ಕೇನ ಗಡಿಬಿಡಿ ಐತ್ರಿ?"

ಆಯಿ ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ತಲೆ ನೇವರಿಸುತ್ತಲೇ ಇದ್ದರು.

ಮಂಗಳದ ಮಟ್ಟು ದೊರೆತಿಲ್ಲ ಎಂದು ಬರೆದು ಅವ್ವ ಪ್ರಬಂಧ ಒಪ್ಪಿಸಿದಳು. ಬದುಕಿರುವ ಒಬ್ಬರೇ ಗಾಯಕಿಯ ಎದುರು ಬೇಸಿಗೆ ಪೂರ್ತಿ ಕೂತೂ ಅಷ್ಟು ಸಂಪಾದಿಸಲಾಗಲಿಲ್ಲವೇ ಎಂದು ಸಂದರ್ಶನದಲ್ಲಿ ಪರೀಕ್ಷಕರು ನಾಲ್ಕು ಜನರ ಮುಂದೆ ಅವಳ ನೀರಿಳಿಸಿದರಂತೆ. "ಸಿಗಲಿಲ್ರಿ" ಅಂದಳಂತೆ. ಪದವಿ ಬಂತು. ಶನಿವಾರಗಳು ನಿಲ್ಲಲಿಲ್ಲ. ಟೇಪ್ ರೆಕಾರ್ಡರ್ ಇಲ್ಲದೆ, ಶಾಲೆ ಬಿಟ್ಟ ಮೇಲೆ, ಕೈಯಲ್ಲೊಂದು ಡಜನ್ ಬಾಳೆಹಣ್ಣು ಹಿಡಿದು ಹೋಗುತ್ತಿದ್ದಳು. ಕೆಲವು ವರ್ಷ ನಾನೂ ಹೋದೆ. ಆಮೇಲೆ ಟ್ಯೂಷನ್ನು, ಗೆಳತಿಯರು, ನನಗೆ ಬೇಸರ ಬಂತು. ಒಂದು ಚಳಿಗಾಲದಲ್ಲಿ ಆಯಿ ಹೋದರು. ಅವ್ವ ಶಾಲೆಗೆ ರಜೆ ಹಾಕಿ ಹೋಗಿ ಬಂದು, ತಲೆಗೆ ನೀರು ಹಾಕಿಕೊಂಡು ಮಲಗಿದಳು.

ಈಗ ನನಗೂ ಕಾಲು ಬಾಯುವ ವಯಸ್ಸು. ಓಣಿಯಲ್ಲಿ ತಂಬೂರಿ ಮಾಡುವ ಮನೆಗಳು ಕಡಿಮೆಯಾಗಿವೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಮೊನ್ನೆ ಪುಣೆಯಿಂದ ಒಬ್ಬ ಹುಡುಗ ಬಂದಿದ್ದ. ಇದೇ ನಾಟಕದ ಮೇಲೆ ಸಂಶೋಧನೆ ನಡೆಸಿದ್ದಾನೆ, ಮತ್ತೆ ರಂಗಕ್ಕೆ ತರುವ ಆಸೆಯೂ ಉಂಟು. ಅವ್ವ ಉಳಿಸಿಕೊಂಡಿದ್ದ ಕ್ಯಾಸೆಟ್ಟುಗಳಿಂದ ಎಲ್ಲ ಪದಗಳೂ ಅವನಿಗೆ ಸಿಕ್ಕವು. ಮಂಗಳ ಎಲ್ಲಿದೆ ಎಂದು ಮರಾಠಿಯಲ್ಲಿ ಎರಡು ಮೂರು ಸಲ ಕೇಳಿದ. ಇಲ್ಲವೆಂದಾಗ, ಹೊಸದಾಗಿ ಯಾರಿಂದಲಾದರೂ ಮಟ್ಟು ಕಟ್ಟಿಸುತ್ತೇವೆ ಬಿಡಿ ಎಂದು ನಮಸ್ಕಾರ ಮಾಡಿ ಹೋದ.

ಯಾರ ಬಾಯಲ್ಲೂ ಇನ್ನು ಬಾರದ ಆ ಮಟ್ಟು ಹೇಗಿತ್ತೋ! ಅವ್ವ ಮೊರದಲ್ಲಿ ಮೆಂತ್ಯದ ಸೊಪ್ಪು ಹರವಿಕೊಂಡು ಬಿಡಿಸುತ್ತಿದ್ದಳು. ಸಿಟ್ಟಿನಿಂದಲೇ ಕೇಳಿದೆ.

"ಒಂದ ಸಲ ಗಟ್ಟಿ ಮನಸ್ಸು ಮಾಡಿ ಕೇಳಿದ್ದರ ಆಯಿ ಹಾಡ್ತಿದ್ರಲ್ಲವ್ವಾ?"

"ಹಾಡ್ತಿದ್ರು."

"ಮತ್ತ ಯಾಕ ಕೇಳಲಿಲ್ಲ?"

ಅವ್ವ ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಮಂಗಳ ಸಿಕ್ಕಿದ್ದರ ಮುಂದಿನ ಶನಿವಾರ ನಾ ಹೋಗ್ತಿರಲಿಲ್ಲ. ನನ್ನ ಸ್ವಭಾವ ನನಗ ಗೊತ್ತಿಲ್ಲೇನು?"