ಎಂಟು ದಿನ

"ತೋಳಲ್ಲಿ ಹಳೇ ಕಲೆ ಇಲ್ಲವಲ್ಲ," ಎಂದರು ರಾಜಾಜಿನಗರದ ಆಸ್ಪತ್ರೆಯ ಡಾಕ್ಟರು.

ನನ್ನ ತಮ್ಮ ಲಂಡನ್ನಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದ. ಪಾಸ್‌ಪೋರ್ಟು, ಟಿಕೆಟ್ಟು ಸಿದ್ಧವಾಗಿದ್ದವು. ಎಪ್ಪತ್ತರ ದಶಕದ ಮಾತು. ಸಿಡುಬಿನ ದಾಕು ಹಾಕಿಸಿಕೊಂಡ ಸರ್ಟಿಫಿಕೇಟು ಇಲ್ಲದೆ ನಮ್ಮ ದೇಶದವರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ.

"ಮೊದಲನೇ ಸಲ ಆದ್ರೆ ಸರ್ಟಿಫಿಕೇಟು ಎಂಟು ದಿನ ಆದ್ಮೇಲೆ ನಡೆಯುತ್ತೆ. ಹಿಂದೆ ಹಾಕಿಸಿದ್ರೆ ಇವತ್ತಿಂದ್ಲೇ," ಎಂದು ಹೇಳಿ ಡಾಕ್ಟರು ಕೈ ತೊಳೆಯಲು ಎದ್ದರು.

ಕಾಂಪೌಂಡರ್ ನನ್ನ ಕಿವಿಯ ಬಳಿ ಬಗ್ಗಿದ. "ಚಿಕ್ಕಂದಿನಲ್ಲಿ ಹಾಕಿಸಿದ್ರು, ಕಲೆ ಮಾಸೋಗಿದೆ ಅನ್ನಿ ಸಾರ್. ಯಾರು ಬಂದು ನೋಡ್ತಾರೆ?"

ಊರಿಗೆ ದಾಕು ಹಾಕುವವರು ಬಂದಾಗಲೆಲ್ಲ, ಮಾರಮ್ಮ ಮುನಿಯುತ್ತಾಳೆಂದು ಹೆದರಿ ಅಮ್ಮ ನಮ್ಮಿಬ್ಬರನ್ನೂ ಖಾಲಿ ರಾಗಿ ವಾಡೆಯೊಳಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದಳು. ಆ ಕತ್ತಲಲ್ಲಿ ತಮ್ಮ ನನ್ನ ತೋಳು ಹಿಡಿದುಕೊಂಡೇ ಇರುತ್ತಿದ್ದ.

ನನಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಡಾಕ್ಟರು ಬಂದಾಗ, "ಹಾಕಿಸಿಲ್ಲ, ಇದೇ ಮೊದಲು," ಎಂದೆ.

"ಭಾರಿ ಸತ್ಯವಂತರು ಬಿಡಿ," ಎಂದು ಕಾಂಪೌಂಡರ್ ಗೊಣಗಿದ.

ಡಾಕ್ಟರು ತೋಳು ಗೀರಿ ದಾಕು ಹಾಕಿದರು. ಸರ್ಟಿಫಿಕೇಟಿಗೆ ಎಂಟು ದಿನದ ಆಚೆಯ ತಾರೀಖು ಬರೆದುಕೊಟ್ಟರು.

ಆರನೇ ದಿನ ತಮ್ಮ ಸತ್ತನೆಂದು ತಂತಿ ಬಂತು. ತೋಳಿನ ಗಾಯ ಇನ್ನೂ ಒಣಗಿರಲಿಲ್ಲ.