ಖಾಲಿ ಕೊಡಗಳೊಂದಿಗೆ ಹೊಳೆ ದಾಟಿಸಿದ ಅಕ್ಕೋರು

ಸಂಜೆಯ ರೈಲುಗಾಡಿಗೆ ಖಾನಾಪುರದಿಂದ ಬಂದ ಅಕ್ಕೋರು ಕೈಚೀಲವನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ಚಾಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಹಿಮ್ಮಡಿಯಿಂದ ಮೀನಖಂಡದವರೆಗೆ ಮೆತ್ತಿ ಒಣಗಿದ ಕೆಂಪು ಮಣ್ಣನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. ಮಣ್ಣು ಹಪ್ಪಳದ ಚೂರಿನಂತೆ ಏಳುತ್ತಿತ್ತು. ಒಂದೊಂದು ಚೂರನ್ನೂ ಬೆರಳುಗಳ ನಡುವೆ ಪುಡಿ ಮಾಡಿ ಅಂಗಳಕ್ಕೆ ಉದುರಿಸುತ್ತಿದ್ದರು. ತಮ್ಮ ಬಾಗಿಲ ಮುಂದೆ ಅಲ್ಲ, ತುಸು ಎಡಕ್ಕೆ ವಾಲಿ, ಮಾಲಕನ ಮನೆಯ ಮೆಟ್ಟಿಲ ಕಡೆಗೆ. ಆ ಹೊತ್ತಿಗೆ ಕಾಲು ತೊಳೆಯಲು ನೀರು ಸಿಗುತ್ತಿರಲಿಲ್ಲ. ಅಂಗಳದ ನಡುವೆಯೇ ಬಾವಿ ಇತ್ತು, ಬಾವಿಯಲ್ಲಿ ಬೇಕಾದಷ್ಟು ನೀರೂ ಇತ್ತು. ಆದರೆ ಬಾವಿಯ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಕೀಲಿ.

ನಾನು ಮದುವೆಯಾಗಿ ಬೆಳಗಾವಿಯ ಆ ಚಾಳಕ್ಕೆ ಬಂದದ್ದು ಎರಡು ಸಾವಿರದ ಇಸವಿಗೆ ತುಸು ಮೊದಲು. ಒಂದೇ ಸಾಲಿನಲ್ಲಿ ಬಾಡಿಗೆಯ ಖೋಲಿಗಳು, ಎದುರಿಗೆ ಮಾಲಕನ ಮಹಡಿ ಮನೆ. ಪಾಲಿಕೆಯ ನಳ ಬಂದರೆ ಬಂತು, ಇಲ್ಲವಾದರೆ ಇಲ್ಲ. ಉಳಿದದ್ದಕ್ಕೆಲ್ಲ ಬಾವಿಯೇ ಗತಿ. ಮಾಲಕನಿಗೆ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ. ಬೆಳಿಗ್ಗೆ ಅಂಗಡಿಗೆ ಹೊರಡುವವರೆಗೆ ಬಾವಿ ತೆರೆದಿರುತ್ತಿತ್ತು. ಆಮೇಲೆ ಕೀಲಿ. ಮಧ್ಯಾಹ್ನ ಊಟಕ್ಕೆ ಬಂದು, ಮಲಗಿ, ನಾಲ್ಕಕ್ಕೆ ಎದ್ದು ಮತ್ತೆ ಒಂದು ತಾಸು ತೆರೆಯುತ್ತಿದ್ದ. ಯಾರು ಏನೇ ಹೇಳಿಕೊಂಡು ಹೋದರೂ ಅವನದು ಒಂದೇ ಮಾತು: "ನಾಲ್ಕಕ್ಕ ಬರ್ರಿ." ನಮಗೆ ನೀರು ಬಿಟ್ಟರೆ ಬಾವಿ ಬತ್ತುತ್ತದೆ ಎಂದು ಅವನ ನಂಬಿಕೆ. ಬೆಲ್ಲ ಮಾರುವವನ ಬಾಯಲ್ಲಿ ಒಂದು ಸಿಹಿ ಮಾತನ್ನೂ ನಾನು ಕೇಳಲಿಲ್ಲ.

ಅಕ್ಕೋರು ಕೊನೆಯ ಖೋಲಿಯವರು, ನಮಗಿಂತ ಬಹಳ ಹಳಬರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಖಾನಾಪುರ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಎಲ್ಲರೂ ಕೆಲಸಕ್ಕೆಂದು ಬೆಳಗಾವಿಗೆ ಬರುವ ಹೊತ್ತಿನಲ್ಲಿ ಇವರು ಬೆಳಗಾವಿ ಬಿಟ್ಟು ಹೋಗುತ್ತಿದ್ದರು. ಯಾರೊಂದಿಗೂ ದನಿ ಎತ್ತಿ ಜಗಳ ಆಡಿದವರಲ್ಲ. ಸಿಟ್ಟು ಬಂದರೆ ಸೆರಗಿನ ಅಂಚನ್ನು ಸಣ್ಣ ಸಣ್ಣ ನಿರಿಗೆ ಹಿಡಿಯುತ್ತ ಕೂರುತ್ತಿದ್ದರು. ಮಾಲಕ ಹಾದುಹೋದಾಗಲೆಲ್ಲ ಆ ಸೆರಗು ಬೀಸಣಿಗೆಯಾಗುತ್ತಿತ್ತು.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಹಲಸಿಯಿಂದ ನನ್ನ ತವರಿನವರು ಟೆಂಪೋ ತುಂಬ ಬಂದಿದ್ದರು. ಅಡುಗೆಯಾಗಿತ್ತು, ಎಲೆ ಹಾಕಬೇಕು, ಕೈತೊಳೆಯಲು ನೀರಿಲ್ಲ. ಬೆಳಿಗ್ಗೆ ತುಂಬಿಟ್ಟದ್ದು ಅಡುಗೆಗೇ ಮುಗಿದಿತ್ತು. ನಮ್ಮವ್ವ ಖಾಲಿ ಕೊಡ ಹಿಡಿದು ಮಾಲಕನ ಬಾಗಿಲಿಗೆ ಹೋದಳು. ಅವನು ಕಿಟಕಿಯಿಂದಲೇ, "ಹಳ್ಳಿ ಮಂದೀನ ಕರಸಿ ಉಣಸಾಕ ನಾ ಬಾವಿ ತೋಡಿಸಿಲ್ಲ. ನಾಲ್ಕಕ್ಕ ಬರ್ರಿ," ಎಂದು ಕಿಟಕಿ ಮುಚ್ಚಿದ. ಅವ್ವ ಮುಚ್ಚಿದ ಕಿಟಕಿಯ ಮುಂದೆ ಕೊಡ ಹಿಡಿದು ನಿಂತೇ ಇದ್ದಳು. ಒಳಗಿನಿಂದ ಇನ್ನೊಮ್ಮೆ ಮಾತು ಬರುತ್ತದೆಂದು ಕಾಯುತ್ತಿದ್ದಳೋ, ತಿರುಗಿ ಬೀಗರ ಮುಖ ನೋಡಲು ನಾಚುತ್ತಿದ್ದಳೋ. ನಾನು ಬಾಣಂತಿ, ಕೂಸನ್ನು ಎದೆಗಿಟ್ಟುಕೊಂಡು ಎಲ್ಲವನ್ನೂ ನೋಡಿದೆ. ಆ ಕ್ಷಣ ಅವನು ಕೈಗೆ ಸಿಕ್ಕಿದ್ದರೆ ಅದೇ ಬಾವಿಗೆ ತಳ್ಳುತ್ತಿದ್ದೆ.

ನಾನು ಆಗ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಕೇಸು ಹಾಕೋಣವೆಂದು ಕೇಳಿದಾಗ ನಮ್ಮ ಸಾಹೇಬರು, ತೀರ್ಪು ಬರುವ ಹೊತ್ತಿಗೆ ನಿನ್ನ ಮಗಳ ಮಗಳನ್ನು ತೊಟ್ಟಿಲಿಗೆ ಹಾಕಿರುತ್ತಾರೆ ಎಂದು ನಕ್ಕರು. ಅದನ್ನು ಅಕ್ಕೋರಿಗೆ ಹೇಳಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ.

"ಸಿಟ್ಟು ಖರ್ಚು ಮಾಡಬ್ಯಾಡ ತಂಗಿ, ಇಟ್ಕೋ," ಎಂದರು. "ಇಂವಗ ಬೈದ್ರ ಏನಾಗತೈತಿ? ಕೇಳಿ ಒಳಗ ಹೋಗತಾನ. ಇಂವನ ಚಾಳ ಖಾಲಿ ಆಗಬೇಕು. ಒಂದ ಒಂದು ಖೋಲ್ಯಾಗೂ ದೀಪ ಹತ್ತಬಾರದು. ನೀರು ತನಗಷ್ಟ ಬೇಕಲ್ಲ, ಒಬ್ಬನ ಕುಂತು ಕುಡೀಲಿ."

ಖಾಲಿ ಮಾಡಿ ಎಲ್ಲಿಗೆ ಹೋಗುವುದು? ವಡಗಾವಿಯ ಕಡೆ ಬಾಡಿಗೆಗೆ ನೋಡೋಣ ಎಂದೆ. "ಅಲ್ಲಿ ಇನ್ನೊಬ್ಬ ಮಾಲಕ ಇರತಾನ. ಅವಂದೂ ಒಂದು ಕೀಲಿ," ಎಂದರು. ಖಾನಾಪುರದಲ್ಲಿ ಸ್ಟೇಷನ್ನಿನ ಹತ್ತಿರ? ಅಲ್ಲೂ ಅದೇ ಕತೆ. ಅವರು ಜಾಗ ನೋಡಿಯೇ ಇಟ್ಟಿದ್ದರು. ಖಾನಾಪುರ ದಾಟಿ, ಮಲಪ್ರಭೆಯ ಸೇತುವೆ ದಾಟಿ, ಹೊಳೆಯ ಆಚೆ ದಂಡೆಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಲವನ್ನು ಪ್ಲಾಟು ಮಾಡಿ ಮಾರುತ್ತಿದ್ದ. ಹೊಳೆಯಾಚೆ ಎಂದು ಯಾರೂ ಕೇಳುತ್ತಿರಲಿಲ್ಲ, ಆದ್ದರಿಂದ ನಮ್ಮಂಥವರಿಗೂ ಎಟಕುವಂತಿತ್ತು. "ಹೊಳಿಗೆ ಕೀಲಿ ಹಾಕೂ ಮಗಾ ಇನ್ನೂ ಹುಟ್ಟಿಲ್ಲ," ಎಂದರು ಅಕ್ಕೋರು.

ನಮ್ಮವರು ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಕೇಳಿದ್ದೇ ಹೌಹಾರಿದರು. "ಮಂದಿ ಖಾನಾಪುರ ಬಿಟ್ಟು ಬೆಳಗಾವಿಗೆ ಬರಾಕತ್ತಾರ. ನಾವು ಬೆಳಗಾವಿ ಬಿಟ್ಟು ಹೊಳಿ ಆಚಿ ಹೋಗೂಣೇನ್ರಿ ಅಕ್ಕೋರ? ದಿನಾ ಹೋಗಿ ಬರೂದು ಹೆಂಗ?"

"ನಾ ಇಷ್ಟು ವರ್ಷ ದಿನಾ ಹೋಗಿ ಬಂದೀನಿ, ನನ್ನ ಕಾಲೇನು ಸವದಿಲ್ಲ. ನೀವು ಉಲ್ಟಾ ಹೋಗಿ ಬರ್ರಿ, ಅಷ್ಟ."

ಜಾಗ ನೋಡುವುದಾದರೆ ಜೋರು ಮಳೆಯಲ್ಲೇ ನೋಡಬೇಕು, ಬೇಸಗೆಯಲ್ಲಿ ಎಲ್ಲ ಜಾಗವೂ ಚೆಂದ ಕಾಣುತ್ತದೆ ಎಂಬುದು ಅವರ ಹಟ. ಆರಿದ್ರಾ ಮಳೆ ಹಿಡಿದಿದ್ದ ಒಂದು ರವಿವಾರ ಚಾಳದ ಹೆಂಗಸರನ್ನೆಲ್ಲ ಹೊರಡಿಸಿದರು. ಎಲ್ಲರೂ ಒಂದೊಂದು ಖಾಲಿ ಕೊಡ ತರಬೇಕೆಂದು ಅಪ್ಪಣೆ. ಯಾಕೆಂದು ಅಂಗಳಕ್ಕೆ ಇಳಿದ ಮೇಲೆ ತಿಳಿಯಿತು. ಮಾಲಕ ಬಿಳಿ ಟೋಪಿ ಹಾಕಿ, ಕೊಡೆ ಬಿಚ್ಚಿ ಅಂಗಡಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದ. ಅವನೆದುರಿಗೆ ಸಾಲಾಗಿ ಖಾಲಿ ಕೊಡಗಳು ಹಾದವು. ಹೊರಟವನಿಗೆ ಒಂದು ಖಾಲಿ ಕೊಡ ಎದುರಾದರೇ ಅಪಶಕುನ, ಇಲ್ಲಿ ಇಡೀ ಚಾಳದ್ದು! ಅವನು ಸರಕ್ಕನೆ ಒಳಗೆ ಹೋಗಿ, ನೀರು ಕುಡಿದು, ದೇವರಿಗೆ ಕೈಮುಗಿದು ಮತ್ತೆ ಹೊರಬಂದ. ಬೇಕೆಂದೇ ಹಿಂದೆ ಉಳಿದಿದ್ದ ಅಕ್ಕೋರು ಆಗ ತಮ್ಮ ಖಾಲಿ ಕೊಡವನ್ನು ಸೊಂಟಕ್ಕಿಟ್ಟು ಎದುರು ಬಂದರು. "ಎಲ್ಲಿಗೆ ಹೊಂಟ್ರಿ ಮಾಲಕರ?" ಎಂದು ಕೇಳಿಯೂಬಿಟ್ಟರು. ಹೊರಟವರನ್ನು ಎಲ್ಲಿಗೆಂದು ಕೇಳಬಾರದೆಂದು ಮಕ್ಕಳಿಗೆ ಕಲಿಸುವ ಹೆಂಗಸು! ಆ ದಿನ ಅವನ ಅಂಗಡಿ ತೆರೆಯಲೇ ಇಲ್ಲವೆಂದು ಆಮೇಲೆ ಕೇಳಿದೆವು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಗಾಡಿಯಲ್ಲಿ ಎದುರು ಕುಳಿತಿದ್ದ ಮರಾಠಿ ಅಜ್ಜಿಯೊಬ್ಬಳು ನಮ್ಮ ಕೊಡಗಳನ್ನು ನೋಡಿ, ನೀರಿಲ್ಲದ ಊರಿಂದ ಬಂದಿರಾ ಎಂದು ತನ್ನ ಭಾಷೆಯಲ್ಲಿ ಕೇಳಿದಳು. ಅಕ್ಕೋರು ಅದೇ ಭಾಷೆಯಲ್ಲಿ, ನೀರಿರುವ ಊರಿಂದಲೇ ಬಂದಿದ್ದೇವೆ ಅಜ್ಜಿ, ಅಲ್ಲಿ ಮನುಷ್ಯರಿಲ್ಲ ಎಂದರು. ಸೇತುವೆಯ ಕೆಳಗೆ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಕೊಡಗಳನ್ನು ಎದೆಗವಚಿಕೊಂಡು ನಡೆದೆವು. ಅಕ್ಕೋರು ನೀರು ಎಲ್ಲಿಯವರೆಗೆ ಏರಿದೆ, ಪ್ಲಾಟುಗಳಿದ್ದ ದಿಬ್ಬ ಎಷ್ಟು ಮೇಲಿದೆ ಎಂದು ನಿಲ್ಲಿಸಿ ತೋರಿಸಿದರು. ಇದಕ್ಕಿಂತ ಜೋರು ಮಳೆಯಾದರೆ ಒಂದೆರಡು ದಿನ ಸೇತುವೆ ದಾಟಲಾಗುವುದಿಲ್ಲ, ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ, ಅದನ್ನೂ ಈಗಲೇ ಕೇಳಿಕೊಳ್ಳಿ ಎಂದರು. ಏನನ್ನೂ ಮುಚ್ಚಿಡಲಿಲ್ಲ. ಹೊಲದ ಮೂಲೆಯಲ್ಲಿ ಒಂದು ತೆರೆದ ಬಾವಿ ಇತ್ತು. ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನೀರು. ಎಲ್ಲರೂ ಬಗ್ಗಿ ಅದನ್ನೇ ನೋಡಿದೆವು. ಆಮೇಲೆ ಕೊಡ ತುಂಬಿಸಿಕೊಂಡು, ತುಳುಕಿಸಿಕೊಂಡು, ಸಂಜೆಯ ಗಾಡಿ ಹತ್ತಿ ಬೆಳಗಾವಿಗೆ ತಂದೆವು.

ಮಾಲಕ ಬಾಗಿಲಲ್ಲೇ ಕುಳಿತಿದ್ದ. ಅವನ ಬಾವಿಗೆ ಕೀಲಿ ಬಿದ್ದಿದ್ದ ಹೊತ್ತಿನಲ್ಲಿ ಅಕ್ಕೋರು ಅಂಗಳದಲ್ಲಿ ನಿಂತು, ಖಾನಾಪುರದ ನೀರನ್ನು ಧಾರಾಳವಾಗಿ ಸುರಿದುಕೊಂಡು ಎರಡೂ ಕಾಲು ತೊಳೆದರು. ನಾನು ಕೂಸಿಗೆ ಎರೆದೆ. ನಮ್ಮವರು ಬಾಗಿಲಿಗೆ ಆತು ನಿಂತು ಸ್ವಲ್ಪ ಹೊತ್ತು ನೋಡಿ, "ಮುಂಜಾನಿ ಗಾಡಿ ಖಾನಾಪುರದಿಂದ ಎಷ್ಟಕ್ಕ ಬಿಡತೈತ್ರಿ ಅಕ್ಕೋರ?" ಎಂದು ಕೇಳಿದರು.

ಮೊದಲು ಅಕ್ಕೋರು ಹೋದರು, ಮರುವರ್ಷ ನಾವು. ಆಮೇಲೆ ಒಂದೊಂದೇ ಸಂಸಾರ. ತಗಡಿನ ಛಾವಣಿ, ಸಿಮೆಂಟು ಗಿಲಾಯ ಮಾಡದ ಗೋಡೆ, ಅಂಥಾದ್ದರಲ್ಲೇ ಹೊಕ್ಕೆವು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಸೇತುವೆಯ ಮೇಲೆ ಓಡುವುದು, ಗಾಡಿ ತಪ್ಪಿದರೆ ಬಸ್ಸಿಗೆ ಜೋತುಬೀಳುವುದು, ಸಂಜೆ ಕತ್ತಲಲ್ಲಿ ಗುಂಪಾಗಿ ಹೊಳೆ ದಾಟುವುದು ರೂಢಿಯಾಯಿತು. ದಣಿವಾಗುತ್ತಿತ್ತು. ಆದರೆ ಮನೆಗೆ ಬಂದು ಹಗ್ಗ ಇಳಿಬಿಟ್ಟ ತಕ್ಷಣ ನೀರು ಬರುತ್ತಿತ್ತು, ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಬೆಳಗಾವಿಯ ಚಾಳದಲ್ಲಿ ಒಂದು ಖೋಲಿಗೆ ಹೊಸ ಬಾಡಿಗೆಯವರು ಬಂದರೆ ಅಕ್ಕೋರು ರಜೆಯ ದಿನ ಹೋಗಿ ಅವರ ಪರಿಚಯ ಮಾಡಿಕೊಳ್ಳುತ್ತಿದ್ದರು. ಅವರೂ ಒಂದು ಮಳೆಗಾಲದೊಳಗೆ ಹೊಳೆಯಾಚೆ ಬಂದು ಪ್ಲಾಟು ನೋಡುತ್ತಿದ್ದರು. ಮಾಲಕ ಬಾಡಿಗೆ ಇಳಿಸಿದ, ಬಾವಿಯ ಕೀಲಿ ತೆಗೆದ. ಆ ಸುದ್ದಿ ನಾನೇ ತಂದು ಹೇಳಿದೆ. ಅಕ್ಕೋರ ಮುಖ ಅರಳಲಿಲ್ಲ. "ಇನ್ನೂ ಎರಡು ಖೋಲಿ ಅದಾವ," ಎಂದರು.

ಆ ಎರಡೂ ಖಾಲಿಯಾದ ವರ್ಷ, ದಸರೆಯ ಮರುದಿನ, ಮಾಲಕ ಬನ್ನಿ ಹಿಡಿದು ನಮ್ಮ ಓಣಿಗೆ ಬಂದ. ಸುಡು ಬಿಸಿಲು, ಇನ್ನೂ ಎರಡು ಗಂಟೆ ಆಗಿರಲಿಲ್ಲ. ಕೈಗೆ ಕೋಲು ಬಂದಿತ್ತು. ಅಕ್ಕೋರ ಕಟ್ಟೆಯ ಹತ್ತಿರ ನಾವೆಲ್ಲ ಸೇರಿದೆವು. ಎಂಥ ಹಗೆ ಇದ್ದರೂ ಬನ್ನಿ ತಂದವನನ್ನು ನಮ್ಮ ಕಡೆ ಯಾರೂ ಹಾಗೇ ಕಳಿಸುವುದಿಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕೋರ," ಎಂದ. "ಚಾಳ ಹಾಳು ಬಿದ್ದೈತಿ. ಒಂದೆರಡು ಮಂದೀನರೆ ಹೊಳ್ಳಿ ಕಳಿಸ್ರಿ. ಬಾವಿ ದಿನಾ ತಗದ ಇಡತೀನಿ."

"ಕುಂದರ್ರಿ," ಎಂದರು ಅಕ್ಕೋರು.

ಅವನು ಕುಳಿತು ಟೋಪಿಯಿಂದ ಬೆವರು ಒರೆಸಿಕೊಂಡ. ಮನೆಗೆ ಬಂದವರಿಗೆ ಕೇಳುವ ಮೊದಲೇ ನೀರು ಕೊಡಬೇಕು. ಅಕ್ಕೋರು ಅಕ್ಕಿ ಆರಿಸುತ್ತ ಕುಳಿತೇ ಇದ್ದರು. ಕೊನೆಗೆ ಅವನೇ, "ಒಂದು ತಂಬಿಗಿ ನೀರು ಕೊಡ್ರಿ," ಎಂದ.

ಅಕ್ಕೋರು ತಲೆ ಎತ್ತಿ ಒಳಗಿನ ಗಡಿಯಾರ ನೋಡಿದರು. "ನಾಲ್ಕಕ್ಕ ಕೊಡತೀನ್ರಿ," ಎಂದರು.

ಅವನು ಎದ್ದು ಹೋಗಬಹುದಿತ್ತು, ಬಾವಿ ಎದುರಿಗೇ ಇತ್ತು. ಹೋಗಲಿಲ್ಲ. ಅಕ್ಕೋರ ಮುಖವನ್ನೇ ನೋಡಿದ, ಏನೋ ನೆನಪಾದವನ ಹಾಗೆ ತಲೆ ತಗ್ಗಿಸಿದ, ಕುಳಿತ. ತುಟಿಗಳು ಒಣಗಿ ಬಿಳಿಯಾಗಿದ್ದವು. ಒಬ್ಬಿಬ್ಬರು ಮರುಗಿದರು. ನಾನು ಮರುಗಲಿಲ್ಲ. ಕಣ್ತುಂಬ ನೋಡಿದೆ. ನಾಲ್ಕು ಹೊಡೆದಾಗ ಅಕ್ಕೋರು ತಾವೇ ಬಾವಿಯಿಂದ ಸೇದಿ, ತೊಳೆದ ತಂಬಿಗೆಯಲ್ಲಿ ತಂದು ಅವನ ಕೈಗೆ ಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ನಿಂತು, ಬನ್ನಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಉಳಿದವರೂ ತೆಗೆದುಕೊಂಡರು. ನನ್ನ ಮುಂದೆ ಕೈಚಾಚಿದಾಗ ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಯಾರೂ ಅವನೊಂದಿಗೆ ಬೆಳಗಾವಿಗೆ ಮರಳಲಿಲ್ಲ.

ಅವನು ಹೋದ ಮೇಲೆ ಅಕ್ಕೋರು ನನಗೊಬ್ಬಳಿಗೆ ಹೇಳಿದರು. "ನಮ್ಮವರು ತೀರಿದ್ದು ಮಧ್ಯಾನದಾಗ. ಜಳಕ ಮಾಡಿಸಬೇಕಲ್ಲ, ಬಾವಿ ಕೀಲಿ ಕೇಳಾಕ ಹೋದ್ನಿ. ಹಿಂಗ ಆಗೇತ್ರಿ ಅಂತ ಹೇಳಿದ್ನಿ. 'ಮಲಗೀನಿ, ನಾಲ್ಕಕ್ಕ ಬರ್ರಿ' ಅಂದ. ಕದಾ ಸುದ್ದಾ ತಗೀಲಿಲ್ಲ. ಅಷ್ಟೊತ್ತಿಗೆ ಮಂದಿ ನಮ್ಮವರನ್ನ ಗ್ವಾಡಿಗೆ ಆನಿಸಿ ಕುಂದರಿಸಿದ್ರು. ನಾಲ್ಕರ ತನಕಾ ಹಂಗ ಕುಂತಿದ್ರು, ನೀರಿಗೆ ಕಾಯ್ಕೋತ." ಅಕ್ಕಿಯ ಮೊರವನ್ನು ಮತ್ತೆ ತೊಡೆಗೆಳೆದುಕೊಂಡರು. "ಇವತ್ತ ಇಂವ ಕುಂತಾ. ನಂದು ಮುಗೀತು ತಂಗಿ. ನಿಂದು ನಿನಗ ಬಿಟ್ಟದ್ದು."

ಮುಗಿಯಿತು ಎಂದದ್ದು ನಿಜ. ಆಮೇಲೆ ಅವರ ಬಾಯಲ್ಲಿ ಮಾಲಕನ ಹೆಸರು ಬರಲಿಲ್ಲ. ನಿವೃತ್ತರಾಗಿ ಓಣಿಯ ಮಕ್ಕಳಿಗೆ ಪಾಠ ಹೇಳಿಕೊಂಡು, ದಾಸವಾಳ ಬೆಳೆಸಿಕೊಂಡು ಹಗುರವಾಗಿದ್ದರು. ಸೆರಗಿಗೆ ನಿರಿಗೆ ಹಿಡಿಯುವುದನ್ನೂ ಬಿಟ್ಟಿದ್ದರು. ನನಗೆ ಸೂರು ಸಿಕ್ಕಿದ್ದು ಅವರಿಂದ. ನನ್ನ ಮಗಳು ನೀರಿಗಾಗಿ ಯಾರ ಬಾಗಿಲಿಗೂ ಹೋಗದೆ ಬೆಳೆದದ್ದು ಅವರಿಂದ. ನನ್ನ ಸಿಟ್ಟನ್ನು ತಪ್ಪು ಎನ್ನದೆ, ಅದಕ್ಕೊಂದು ಕೆಲಸ ಹಚ್ಚಿಕೊಟ್ಟವರು ಅವರೊಬ್ಬರೇ. ಈ ಋಣ ತೀರುವಂಥದ್ದಲ್ಲ.

ಒಂದು ಮಳೆಗಾಲದಲ್ಲಿ ಸಣ್ಣ ಜ್ವರ ಬಂದದ್ದೇ ನೆಪವಾಗಿ ಅಕ್ಕೋರು ಹೋದರು. ಹೊಳೆಯ ಈ ದಂಡೆಯಲ್ಲೇ ಮಣ್ಣು ಮಾಡಿದೆವು. ಮಣ್ಣು ಕೊಟ್ಟು ಬಂದವರಿಗೆ ಅವರ ಅಂಗಳದಲ್ಲಿ ಕೈಕಾಲಿಗೆ ನೀರು ಹಾಕುವ ಕೆಲಸ ನನ್ನದಾಗಿತ್ತು. ಕೊಡದಿಂದ ತಂಬಿಗೆಯಲ್ಲಿ ಮೊಗೆದು ಒಬ್ಬೊಬ್ಬರಿಗೇ ಹಾಕುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಮಾಲಕ ಬಂದ. ಸುದ್ದಿ ತಿಳಿದು ಬೆಳಗಾವಿಯಿಂದ ಬಂದಿದ್ದನಂತೆ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಕೆಸರಾದ ಎರಡೂ ಕೈ ಮುಂದೆ ಹಿಡಿದು ನಿಂತ.

ನಾನು ತಂಬಿಗೆಯನ್ನು ಕೆಳಗಿಟ್ಟೆ. "ಹೊಳಿ ಅಲ್ಲೈತ್ರಿ," ಎಂದೆ.

"ಇರ್ಲಿ ಬಿಡ್ರಿ ವೈನಿ, ವಯಸ್ಸಾಗೇತಿ," ಎಂದು ಪಕ್ಕದ ಮನೆಯವರು ಮೆಲ್ಲಗೆ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಅವನು ಕೊಡವನ್ನು ನೋಡಿದ, ನನ್ನನ್ನು ನೋಡಿದ, ಕೋಲೂರಿಕೊಂಡು ಹೊಳೆಯ ಕಡೆ ನಡೆದ. ಆ ಕೆಸರಿನಲ್ಲಿ ಇಳಿಜಾರು ಇಳಿಯುವುದು ಅವನಿಗೆ ಕಷ್ಟವಾಗುತ್ತಿತ್ತು. ಅವನು ಪೂರ್ತಿ ಇಳಿಯುವವರೆಗೆ ನಿಂತು ನೋಡಿದೆ. ಕೊಡದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿತ್ತು. ಅಷ್ಟನ್ನೂ ಅಕ್ಕೋರ ದಾಸವಾಳದ ಬುಡಕ್ಕೆ ಸುರಿದು, ಕೊಡ ಬೋರಲು ಹಾಕಿ ಒಳಗೆ ಹೋದೆ.