ಊಟದ ರೆಕಾರ್ಡು

ಆ ರೆಕಾರ್ಡಿನ ಬಗ್ಗೆ ತಿಳಿದವರು ಮಾತಾಡುವ ರೀತಿಯೇ ಬೇರೆ. ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ನಾಲ್ಕೈದು ಹುಡುಗರು ಸೇರಿ ರಾಕ್ ಸಂಗೀತವನ್ನು ಹೊಸ ದಾರಿಗೆ ಹಚ್ಚಿದರಂತೆ. ಮೂರು ನಿಮಿಷದ ಹಾಡನ್ನು ಹಿಗ್ಗಿಸಿ ರೆಕಾರ್ಡಿನ ಒಂದು ಇಡೀ ಮಗ್ಗುಲು ತುಂಬಿಸಿದರಂತೆ. ಬಹಳ ವರ್ಷಗಳ ಮೇಲೆ ಗಂಗಾವತಿಯ ಕಾಲೇಜಿಗೆ ಬಂದ ಲೆಕ್ಚರರ್ ಒಬ್ಬ, ನಾನು ಗುನುಗಿದ್ದನ್ನು ಕೇಳಿಯೇ ಗುರುತು ಹಿಡಿದು, ಇದನ್ನೆಲ್ಲ ನನಗೆ ವಿವರಿಸಿದ. ಅವನ ಹಾಸ್ಟೆಲಿನಲ್ಲಿ ಆರು ಜನ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದರಂತೆ. ನಾನು ತಲೆಯಾಡಿಸಿದೆ. ನಮ್ಮ ಕಡೆ ಅದನ್ನು ಸಾವಿರಾರು ಜನ ಕೇಳಿದ್ದರು, ಎಲ್ಲರೂ ಗೋಧಿ ಹುಗ್ಗಿ ಉಣ್ಣುತ್ತ.

ಇದಕ್ಕೆ ಕಾರಣ ಗಂಗಾವತಿಯ ಮೈಕ್‌ಸೆಟ್ ಕಾಕಾ. ಎಪ್ಪತ್ತರ ದಶಕದಲ್ಲಿ ಅಕ್ಕಿ ಗಿರಣಿಯೊಂದರ ಗೋಡೆಗೆ ಆನಿಸಿಕೊಂಡಿದ್ದ ಅವರ ಅಂಗಡಿಯಿಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮದುವೆಗಳಿಗೆಲ್ಲ ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್ ಹೋಗುತ್ತಿದ್ದವು. ಮದುವೆಮನೆಯಲ್ಲಿ ಮೈಕು ನಿಂತಿತೆಂದರೆ ಮುಗಿಯಿತು, "ಯಾಕ್ರಿ, ಮೈಕ್ ಸತ್ತೈತೇನು?" ಎಂದು ಹಂದರದ ತುಂಬ ಗದ್ದಲ. ಸಿನಿಮಾ ಹಾಡಿನ ಸಣ್ಣ ರೆಕಾರ್ಡುಗಳೋ ಮೂರು ಮೂರು ನಿಮಿಷಕ್ಕೆ ಮುಗಿಯುತ್ತಿದ್ದವು. ಪಾಪ, ಮನುಷ್ಯ ಉಣ್ಣುವುದು ಯಾವಾಗ? ಹುಬ್ಬಳ್ಳಿಯಲ್ಲಿ ಹಳೆಯ ರೆಕಾರ್ಡುಗಳ ಗಂಟು ಕೊಂಡಾಗ ಅದರೊಳಗೆ ಹೊದಿಕೆಯಿಲ್ಲದ ಈ ದೊಡ್ಡ ತಟ್ಟೆ ಬಂದಿತ್ತು. ಅದರ ಒಂದು ಮಗ್ಗುಲು ಒಂದೇ ಹಾಡು. ಹಚ್ಚಿದರೆ ಇಪ್ಪತ್ತು ನಿಮಿಷ ಮೈಕ್ ಸತ್ತಿತೇ ಎಂದು ಯಾರೂ ಕೇಳುವ ಹಾಗಿಲ್ಲ. ಅಂದಿನಿಂದ ಕಾಕಾ ಪ್ರತಿ ಮದುವೆಯಲ್ಲೂ ಅದನ್ನು ಹಚ್ಚಿ ಉಣ್ಣಲು ಕೂತರು. ಇನ್ನೊಂದು ಮಗ್ಗುಲಿನಲ್ಲಿ ಚಿಕ್ಕ ಚಿಕ್ಕ ಹಾಡುಗಳಿದ್ದವು. ಊಟಕ್ಕೆ ಸಾಲದ ಆ ಹಾಡುಗಳನ್ನು ಯಾರೂ ಕೇಳಲೇ ಇಲ್ಲ.

ಜನ ಜಾಣರು. ಕಾಕಾ ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ, ಆದ್ದರಿಂದ ಆ ರೆಕಾರ್ಡು ಶುರುವಾಯಿತೆಂದರೆ ಎಲೆ ಬಿದ್ದಿದೆ ಎಂದರ್ಥ, ಇದು ಎರಡೇ ವರ್ಷದಲ್ಲಿ ನಾಲ್ಕೂ ತಾಲ್ಲೂಕಿಗೆ ತಿಳಿದುಹೋಯಿತು. ಹಾರ್ನಿನಲ್ಲಿ ಗಿಟಾರು ಗುಂಯ್‌ಗುಟ್ಟಿದ್ದೇ ತಡ, ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕುತ್ತ ಕೂತವರು ಧೋತರ ಕೊಡವಿ ಏಳುತ್ತಿದ್ದರು. "ಏಳ್ರಿ, ಏಳ್ರಿ, ಊಟದ ರೆಕಾರ್ಡ್ ಹಚ್ಯಾರ."

ನಾನು ಅದನ್ನು ಮೊದಲು ಕೇಳಿದ್ದು ಅಳವಂಡಿಯಲ್ಲಿ, ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಆಗಷ್ಟೇ ಗಂಗಾವತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಮಕ್ಕಳಿಗೆ ಕಲಿಸುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು, ಆ ಹುಡುಗರು ಹಾಡುತ್ತಿದ್ದ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಕೈಯಲ್ಲಿ ಹುಗ್ಗಿಯ ತುತ್ತು ಹಿಡಿದವನು ಹಾಗೇ ಕೂತುಬಿಟ್ಟೆ. ಮೊದಲು ಗಿರಣಿ ಶುರುವಾದ ಹಾಗೆ ಒಂದು ಗುಡುಗುಡು, ಅದರ ಮೇಲೆ ಡ್ರಮ್ಮು, ಆಮೇಲೆ ಹಾರ್ಮೋನಿಯಂನ ಅಣ್ಣನಂಥ ಯಾವುದೋ ವಾದ್ಯ ಗಂಟಲು ಬಿಟ್ಟು ಅಳತೊಡಗಿತು. ಕಣ್ಣಲ್ಲಿ ನೀರಾಡಿತು. ಪಕ್ಕದಲ್ಲಿದ್ದ ಸೋದರಮಾವ, "ಉಣ್ಣಲೇ, ಖಾರ ಹತ್ತೇತೇನು?" ಎಂದು ನೀರು ಕೊಟ್ಟ.

ಅಷ್ಟರಲ್ಲಿ ಸಂಗೀತ ಗಕ್ಕನೆ ನಿಂತಿತು. ಕಾಕಾನ ಊಟ ಮುಗಿದಿತ್ತು. ಅವರು ಉಣ್ಣುತ್ತಿರಲಿಲ್ಲ, ನುಂಗುತ್ತಿದ್ದರು. ಹನ್ನೆರಡು ನಿಮಿಷಕ್ಕೆಲ್ಲ ಕೈತೊಳೆದು ಎದ್ದು, ಸೂಜಿ ಎತ್ತಿ, ಸಿನಿಮಾ ಹಾಡು ಹಚ್ಚಿಬಿಡುತ್ತಿದ್ದರು. ನಾನು ಹೋಗಿ ತಟ್ಟೆ ನೋಡಿದೆ. ಸೂಜಿ ಓಡಾಡಿದಷ್ಟು ಜಾಗ ಬೂದಿ ಬಣ್ಣಕ್ಕೆ ಬಂದಿತ್ತು. ನಡುವಿನ ಎರಡು ಬೆರಳಿನಷ್ಟು ಅಗಲ ಮಾತ್ರ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಅಲ್ಲಿ ಏನಿದೆಯೆಂದು ಕೇಳದೆ ನನಗೆ ಸಮಾಧಾನವಿಲ್ಲ ಅನ್ನಿಸಿದ್ದು ಆವತ್ತು.

ಅಂಗಡಿಗೇ ಹೋಗಿ ಕೇಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕೇಳಿದೆ.

"ಸುಮ್ ಸುಮ್ನ ಹಚ್ಚಿದ್ರ ಸೂಜಿ ಸವೀತೈತ್ರಿ ಮಾಸ್ತರ" ಎಂದರು ಕಾಕಾ. "ಅದು ಕೇಳೂ ರೆಕಾರ್ಡ್ ಅಲ್ಲ. ಉಣ್ಣೂ ರೆಕಾರ್ಡ್."

ಹಾಗಾಗಿ ನನಗೆ ಉಳಿದದ್ದು ಒಂದೇ ಉಪಾಯ. ಅವರ ಊಟವನ್ನು ಉದ್ದ ಮಾಡುವುದು. ಸಂಬಂಧವಿರಲಿ ಇಲ್ಲದಿರಲಿ, ಕಾಕಾ ಹೋದ ಮದುವೆಗೆಲ್ಲ ಹೋದೆ. ಟೊಂಕ ಕಟ್ಟಿ ಹುಗ್ಗಿಯ ಬಕೆಟು ಹಿಡಿದೆ. ಊರವರು ನನ್ನನ್ನು ಭಾಳ ಸೇವಾಭಾವದ ಹುಡುಗ ಎಂದು ಹೊಗಳಿದರು. ಇಟಗಿಯ ಒಂದು ಮದುವೆಯಲ್ಲಿ ಕಾಕಾ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಸಾಕ್ರಿ ಮಾಸ್ತರ, ಇದು ಹೊಟ್ಟಿ ಐತೋ ಜ್ವಾಳ ತುಂಬೂ ಹಗೇವ ಐತೋ?" ಎಂದರೂ ಬಿಡದೆ ಎರಡು ಸೌಟು ಸುರಿದೆ. ಅವತ್ತು ಎರಡು ನಿಮಿಷ ಹೆಚ್ಚು ಸಿಕ್ಕಿತು. ಡ್ರಮ್ಮೆಲ್ಲ ಅಡಗಿ ಒಂದೇ ಒಂದು ಕೊಳಲು ಎದ್ದಿತು. ಎದ್ದಿತು ಅನ್ನುವಷ್ಟರಲ್ಲಿ ಕಾಕಾನೂ ಎದ್ದರು. ಅಯ್ಯೋ ಶಿವನೇ! ಬಕೆಟ್ಟನ್ನು ಅಲ್ಲೇ ಕುಕ್ಕಿ ಅಳಬೇಕೆನಿಸಿತು.

ಕೊನೆಗೆ ನನ್ನ ಮದುವೆಯೇ ಬಂತು. ಅಳವಂಡಿ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಮನೆಯ ಮುಂದೆಯೇ ಹಂದರ. ಹೆಣ್ಣಿನವರು ಯಲಬುರ್ಗಾ ಕಡೆಯವರು. ಮದುಮಗನ ಮಾತಿಗೆ ಆ ಒಂದು ದಿನ ಬೆಲೆ ಇರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಹಿಂದಿನ ದಿನ ಕಾಕಾನಿಗೆ ಹೇಳಿದೆ: "ನಾಳೆ ಅರಿಷಿಣ ನೀರು ಹಾಕೂ ಮುಂದ, ಹತ್ತು ಗಂಟೆಕ್ಕ ಅದನ್ನ ಹಚ್ಚ್ರಿ. ಕಡೀತನಕ ತೆಗೀಬ್ಯಾಡ್ರಿ."

ಕಾಕಾ ತಲೆ ಕೆರೆದುಕೊಂಡರು. "ಊಟ ಇಲ್ಲದ?"

"ಊಟ ಇಲ್ಲದ."

ಇಂಗ್ಲಿಷ್ ಕಲಿತ ನನ್ನ ತಲೆಗೆ ಮುಂದಿನದು ಹೊಳೆಯಲಿಲ್ಲ. ಮುಹೂರ್ತ ಇದ್ದದ್ದು ಹನ್ನೆರಡಕ್ಕೆ. ಹತ್ತು ಗಂಟೆಗೆ ಹಾರ್ನು ಗುಂಯ್ ಎಂದಿತು. ನಾನು ಅರಿಷಿಣ ಮೆತ್ತಿಕೊಂಡು ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ, ಥೇಟ್ ಆ ಹಾಸ್ಟೆಲಿನವರ ಹಾಗೆ. ಸುತ್ತ ಮುನ್ನೂರು ಜನ ಎದ್ದು ಹೋಗಿ ಪಂಕ್ತಿ ಹಿಡಿದು ಕೂತರು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದಿಲ್ಲ, ಹುಗ್ಗಿ ಇನ್ನೂ ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ, ಅಡುಗೆಯವರು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಯಾರೋ ಗಡಿಬಿಡಿಯಲ್ಲಿ ಎಲೆಯನ್ನೂ ಹಾಸಿಬಿಟ್ಟರು. ಐದು ನಿಮಿಷ ಬರಿ ಎಲೆ ನೋಡಿದ ಮೇಲೆ, "ಇನ್ನೂ ಆಗಿಲ್ಲ, ಏಳ್ರಿ" ಎಂದು ಅಡುಗೆಯವನೊಬ್ಬ ಕೂಗಿದ.

ಬೀಗರನ್ನು ಎಲೆಯ ಮುಂದಿನಿಂದ ಎಬ್ಬಿಸುವುದೆಂದರೇನು! ನನ್ನ ಮಾವ ಆಗುವವರು ರುಮಾಲು ಕೊಡವಿ ಎದ್ದು ನಿಂತರು. "ಎಲಿ ಮುಂದ ಕುಂದ್ರಿಸಿ ಎಬ್ಬಸ್ತೀರೇನ್ರಿ? ನಾವೇನು ಉಣ್ಣಾಕ ಗತಿಯಿಲ್ದ ಬಂದೀವಿ? ಬಂಡಿ ಕಟ್ರೋ, ಹುಡುಗೀನ ಕರೀರಿ."

ಅಪ್ಪ ಓಡಿ ಹೋಗಿ ಸೂಜಿಯನ್ನು ಕಿತ್ತೆಸೆದಂತೆ ಎತ್ತಿದರು. ಆಗ ಎಂಟನೆಯ ನಿಮಿಷ. "ಯಾಂವ ಹೇಳಿದ ನಿನಗ ಇದನ್ನ ಹಚ್ಚಾಕ?" ಎಂದು ಇಡೀ ಹಂದರ ಕೇಳುವಂತೆ ಗದರಿದರು.

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. "ಯಾರೂ ಹೇಳಿಲ್ರಿ ಗೌಡ್ರ" ಎಂದರು ಅವರು. "ಟೈಮ್ ತಪ್ಪಿ ಹಚ್ಚೀನಿ. ನಂದ ತಪ್ಪಾತು." ನಾನು ಬಾಯಿ ಬಿಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಬಿಡಲಿಲ್ಲ. ಅರಿಷಿಣದ ಕೆಳಗೆ ನಾಚಿಕೆ ಕಾಣುವುದಿಲ್ಲವಲ್ಲ, ಅದೊಂದು ಅನುಕೂಲ.

ಮದುವೆ ಮುರಿಯಲಿಲ್ಲ. ಹುಡುಗಿಯನ್ನು ಕರೆಯಲು ಹೋದ ನಮ್ಮ ಸೋದರತ್ತೆ ಹೆಂಗಸರ ಪಂಕ್ತಿಯ ಕಡೆಯಿಂದ ಕೂಗಿದಳು: "ಬೀಗ್ರ, ನಿಮ್ಮ ಮಗಳೂ ಎಲಿ ಮುಂದ ಕುಂತಾಳ್ರಿ! ಮೊದಲ ಆಕೀನ್ನ ಎಬ್ಬಸ್ರಿ!" ಅಕ್ಕಿಕಾಳು ಬೀಳುವ ತನಕ ಉಪವಾಸ ಇರಬೇಕಾದ ಮದುಮಗಳು, ಮೈತುಂಬ ಅರಿಷಿಣ ಹಚ್ಚಿಕೊಂಡು, ಎಲೆಗೆ ನೀರು ಚಿಮುಕಿಸಿ ತಯಾರಾಗಿ ಕೂತಿದ್ದಳು. ಹಂದರವೆಲ್ಲ ಹೋ ಎಂದಿತು. ಮಾವ ಕೂಡ ರುಮಾಲಿನಲ್ಲಿ ಮುಖ ಮುಚ್ಚಿ ನಕ್ಕರು. "ಆ ಸಪ್ಪಳ ಕೇಳಿದ್ರ ಕಾಲು ತಾವ ಏಳ್ತಾವು, ನಾ ಏನ್ ಮಾಡ್ಲಿ?" ಎಂದು ನನ್ನ ಹೆಂಡತಿ ಈಗಲೂ ವಾದಿಸುತ್ತಾಳೆ.

ಎಲ್ಲರೂ ನಕ್ಕು ಮರೆತರು, ಕಾಕಾನ ಪಾಲಿಗೆ ಮಾತ್ರ ನಗೆಯಾಗಲಿಲ್ಲ. ಟೈಮ್ ತಿಳಿಯದ ಮೈಕಿನವ ಎಂಬ ಹೆಸರು ಅವರಿಗೆ ಅಂಟಿತು. ಅಳವಂಡಿ ಕಡೆಯವರು ಎರಡು ವರ್ಷ ಕರೆಯಲೇ ಇಲ್ಲ. ಆ ರೆಕಾರ್ಡನ್ನು ಅವರು ಮತ್ತೆ ಯಾವ ಮದುವೆಯಲ್ಲೂ ಹಚ್ಚಲಿಲ್ಲ. ಮೂರು ನಿಮಿಷಕ್ಕೊಮ್ಮೆ ಎದ್ದು ಎದ್ದು, ತಟ್ಟೆ ಬದಲಿಸುತ್ತ, ನಿಂತೇ ಉಣ್ಣತೊಡಗಿದರು. ನಾನು ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಶಾಲೆಗೆ ಸುತ್ತು ಹಾಕಿ ಹೋಗುತ್ತಿದ್ದೆ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಒಂದು ಮಧ್ಯಾಹ್ನ ಕಾಕಾ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. "ರೆಕಾರ್ಡ್ ಮಷೀನ್ ನಾಳೆ ಮಾರಾಟಕ್ಕ ಹೋಗತೈತ್ರಿ ಮಾಸ್ತರ. ಸೂಜಿ ಇನ್ನ ಉಳಿಸಿ ಏನ್ ಮಾಡ್ಲಿ? ಬರ್ರಿ."

ಅಂಗಡಿಯಲ್ಲಿ ಇಬ್ಬರೇ ಕೂತೆವು. "ಕಾಕಾ, ಅವತ್ತ ನಾ ಹೇಳಬೇಕಿತ್ತು" ಎಂದೆ. "ಬಿಡ್ರಿ, ಬಾಸಿಂಗದ ಗಂಡಿನ ಮ್ಯಾಲೆ ಯಾರರ ತಪ್ಪು ಹಾಕ್ತಾರೇನು?" ಎಂದು ಅವರು ರೆಕಾರ್ಡು ಹಚ್ಚಿದರು. ಬೂದಿ ಬಣ್ಣದ ಜಾಗವೆಲ್ಲ ಚರಚರ ಎನ್ನುತ್ತಿತ್ತು, ಗಿಟಾರಿಗಿಂತ ಅದೇ ಜೋರು. ಹನ್ನೆರಡನೆಯ ನಿಮಿಷಕ್ಕೆ ಅವರ ಕೈ ತಾನಾಗಿಯೇ ಸೂಜಿಯ ಕಡೆ ಹೋಯಿತು. ಹಿಡಿದುಕೊಂಡೆ. ಕೊಳಲು ಬಂತು. ಅದರ ಹಿಂದೆಯೇ ಆ ಚರಚರ ಪೂರ್ತಿ ಅಡಗಿ, ನಿನ್ನೆ ಮಾಡಿಟ್ಟಂಥ ತಿಳಿಯಾದ ಸ್ವರ ಶುರುವಾಯಿತು. ಗದ್ದಲವೇ ಇಲ್ಲ. ಒಬ್ಬನೇ ಒಬ್ಬ ಹುಡುಗ, ಮಗು ಏಳದಿರಲಿ ಅನ್ನುವಷ್ಟು ಮೆತ್ತಗೆ, ಹಾಡುತ್ತಿದ್ದ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಕಾಕಾನ ಕೈ ಬಿಡುವುದನ್ನೂ ಮರೆತೆ. ಕಾಕಾ ಹಾರ್ನಿನ ಕಡೆಗೆ ಬಾಗಿ ಕೂತಿದ್ದರು. ಇಷ್ಟು ವರ್ಷದಲ್ಲಿ ಅವರೂ ಅದನ್ನು ಕೇಳಿರಲಿಲ್ಲವೆಂಬುದು ಆಗ ನನ್ನ ತಲೆಗೆ ಹೋಯಿತು.

ಹಾಡು ಮುಗಿಯಿತು. ಅವರು ಸೂಜಿ ಎತ್ತದೆ ನನ್ನ ಮುಖ ನೋಡಿದರು.

"ಇಷ್ಟ್ ವರ್ಷ ಇದನ್ನ ಊರೂರು ಹೊತ್ತು ತಿರುಗೀನ್ರಿ ಮಾಸ್ತರ" ಎಂದರು. "ಒಂದ್ ದಿನಾನೂ ಒಂದೀಟು ಸಾವಕಾಶ ಉಣ್ಣಲಿಲ್ಲ ನೋಡ್ರಿ ನಾ."